ಹಬ್ಬ ಒಂದು ದಿನ, ಡಬ್ಬಿ ಹದಿನೈದು ದಿನ

ಗಣೇಶನ ಹಬ್ಬ ಮುಗಿದ ಮೇಲಿನ ಒಂದು ಭಾನುವಾರ, ಹಾಸನದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಒಂದಿಷ್ಟು ಕತ್ತರಿಸಿದ್ದೇನೆ, ಅವತ್ತು ಮರೆತದ್ದನ್ನು ಸೇರಿಸಿದ್ದೇನೆ. ಸಭೆಯವರು ನಡುನಡುವೆ ಹೇಳಿದ್ದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ನನ್ನ ಮಾತಿಗಿಂತ ಅದೇ ಚೆನ್ನಾಗಿತ್ತು.

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲಲ್ಲಿ ಒಬ್ಬಳು ಪುಟ್ಟ ಹುಡುಗಿ ತಟ್ಟೆ ಹಿಡಿದು ನಿಂತಿದ್ದಳು. ದೊಡ್ಡವರಿಗೆ ಕಲ್ಲುಸಕ್ಕರೆ, ಮಕ್ಕಳಿಗೆ ಟಾಫಿ. ಮಕ್ಕಳ ಹಲ್ಲಿನ ಬಗ್ಗೆ ಮಾತಾಡಲು ಬಂದವಳಿಗೆ ಮೊದಲು ಸಿಕ್ಕಿದ್ದು ಕಲ್ಲುಸಕ್ಕರೆ! ತೆಗೆದುಕೊಂಡೆ, ಬಾಯಿಗೂ ಹಾಕಿಕೊಂಡೆ. ಬೇಡ ಅಂದಿದ್ದರೆ ಆ ಮಗುವಿನ ಮುಖ ಸಣ್ಣದಾಗುತ್ತಿತ್ತು. ನಮ್ಮೆಲ್ಲರ ಕಷ್ಟ ಇರುವುದೂ ಇಲ್ಲೇ ಅಲ್ವಾ? ಸಿಹಿ ಅನ್ನುವುದು ಬರೀ ತಿಂಡಿ ಆಗಿದ್ದರೆ ಬೇಡ ಅನ್ನುವುದು ಸುಲಭ. ನಮ್ಮಲ್ಲಿ ಅದು ಮರ್ಯಾದೆಯೂ ಹೌದು, ಅಕ್ಕರೆಯೂ ಹೌದು. ಮಗಳು ಪಾಸಾದರೆ "ಬಾಯಿ ಸಿಹಿ ಮಾಡ್ಕೊಳ್ಳಿ" ಅನ್ನುತ್ತೇವೆ. ಖಾರ ಮಾಡಿಕೊಳ್ಳಿ ಅಂತ ಯಾರೂ ಅನ್ನುವುದಿಲ್ಲ.

ನಾನು ಹಲ್ಲಿನ ಡಾಕ್ಟರು. ಹೋಳಿಗೆ ಬೇಡ, ಕಜ್ಜಾಯ ಬೇಡ ಅಂತ ಹೇಳಲು ಬಂದಿಲ್ಲ. ಹಾಗೆ ಹೇಳಿದರೆ ನನ್ನ ತಾಯಿಯೇ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಈಗ ಸೀಸನ್ ಶುರುವಾಗಿದೆ. ಗೌರಿ ಗಣೇಶಕ್ಕೆ ಕಡುಬು, ಮೋದಕ ಆಯಿತು. ಮುಂದೆ ನವರಾತ್ರಿ, ಬೊಂಬೆ ನೋಡಲು ಮನೆಮನೆ ತಿರುಗಾಟ. ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ದೀಪಾವಳಿ. ಡಿಸೆಂಬರಿನಲ್ಲಿ ಪಕ್ಕದ ಮನೆಯಿಂದ ಕ್ರಿಸ್‌ಮಸ್ ಕೇಕು ಬರುತ್ತದೆ. ಜನವರಿಗೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು. ಗಣಪತಿಯಿಂದ ಸಂಕ್ರಾಂತಿಗೆ ನಾಲ್ಕು ತಿಂಗಳು ಚಿಲ್ಲರೆ. ಅದರಲ್ಲಿ ನಿಜವಾದ ಹಬ್ಬದ ದಿನಗಳನ್ನು ಬೆರಳು ಮಡಿಚಿ ಎಣಿಸಿ. ಹದಿನೈದು ಇಪ್ಪತ್ತು ದಿನ ಸಿಕ್ಕರೆ ಹೆಚ್ಚು. ಉಳಿದ ನೂರು ದಿನ ನಮ್ಮ ಮಕ್ಕಳ ಬಾಯಿಗೆ ಹೋಗುತ್ತಿರುವುದು ಹಬ್ಬದ ಸಿಹಿಯೇ ಅಲ್ಲ. ಡಬ್ಬಿಯಲ್ಲಿ ಉಳಿದ ಸಿಹಿ. ಆಫೀಸಿನಿಂದ ಬಂದದ್ದು, ನೆಂಟರು ತಂದದ್ದು, ಊಟದ ಮೇಜಿನ ಮೇಲೆ ಮುಚ್ಚಳ ಅರ್ಧ ತೆರೆದುಕೊಂಡು ಕೂತದ್ದು. ನನ್ನ ಜಗಳ ಇರುವುದು ಆ ಡಬ್ಬಿಯ ಜೊತೆ.

ಹಲ್ಲಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಅದು ಗೊತ್ತಾದರೆ ಮುಂದಿನದ್ದನ್ನು ನೀವೇ ಹೇಳುತ್ತೀರಿ.

ನಮ್ಮೆಲ್ಲರ ಬಾಯಲ್ಲೂ ಬ್ಯಾಕ್ಟೀರಿಯಾ ಇವೆ. ನಾವು ಸಕ್ಕರೆ ತಿಂದರೆ ಅವೂ ತಿನ್ನುತ್ತವೆ. ತಿಂದು ಆಸಿಡ್ ಬಿಡುತ್ತವೆ. ಆ ಹುಳಿಗೆ ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮೆಲ್, ಚೂರು ಚೂರೇ ಕರಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಹಲ್ಲಿನ ಮೇಲಿನ ಪಿಎಚ್ ಇಳಿಯುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅದು ಕಡಿಮೆ. ಅದು 5.5ರ ಸುಮಾರಿಗಿಂತ ಕೆಳಗೆ ಹೋಯಿತೋ, ಎನಾಮೆಲ್ ಕರಗಲು ಶುರು. ಆಮೇಲೆ ಜೊಲ್ಲು ಬಂದು ಹುಳಿಯನ್ನು ತೊಳೆಯುತ್ತದೆ. ಹೋದ ಖನಿಜವನ್ನು ಹಲ್ಲಿಗೆ ವಾಪಸ್ ತುಂಬುತ್ತದೆ. ಇದಕ್ಕೆಲ್ಲ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಜೊಲ್ಲು ಅಂದರೆ ಗೋಡೆ ರಿಪೇರಿ ಮಾಡುವ ಗಾರೆ ಮೇಸ್ತ್ರಿ. ಕೆಲಸ ಚೆನ್ನಾಗಿ ಬರುತ್ತದೆ, ಕೂಲಿಯನ್ನೂ ಕೇಳುವುದಿಲ್ಲ. ಆದರೆ ಗಾರೆ ಒಣಗುವ ಮೊದಲೇ ಯಾರಾದರೂ ಬಂದು ಕೆರೆದು ಹೋಗುತ್ತಿದ್ದರೆ ಅವನು ತಾನೇ ಏನು ಮಾಡಿಯಾನು?

ಈಗ ಒಂದು ಲೆಕ್ಕ ಕೇಳುತ್ತೇನೆ. ಇಬ್ಬರು ಮಕ್ಕಳು. ದೊಡ್ಡವನು ಮಧ್ಯಾಹ್ನ ಎಲೆ ಮುಂದೆ ಕೂತು ಮೂರು ಹೋಳಿಗೆ ಬಾರಿಸಿ, ಅನ್ನ ಸಾರು ಮಜ್ಜಿಗೆ ಮುಗಿಸಿ, ಬಾಯಿ ಮುಕ್ಕಳಿಸಿ ಆಟಕ್ಕೆ ಓಡಿದ. ಚಿಕ್ಕವಳು ಊಟಕ್ಕೆ ಕೂರಲೇ ಇಲ್ಲ. ಬೆಳಗಿನಿಂದ ಸಂಜೆವರೆಗೆ ಅಡುಗೆಮನೆಗೆ ಹೋಗುವುದು, ಒಂದು ಚೂರು ಬರ್ಫಿ ಮುರಿದುಕೊಂಡು ಬರುವುದು. ಹನ್ನೆರಡು ಸಲ ಹೋದಳು. ಎಲ್ಲ ಸೇರಿಸಿದರೂ ಎರಡು ಬರ್ಫಿ ಆಗಲಿಲ್ಲ. ಯಾರ ಹಲ್ಲಿಗೆ ಕಷ್ಟ?

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ತಕ್ಷಣ ಹೇಳಿದರು: "ಹುಡುಗಂದು ಕಣಮ್ಮ. ಮೂರು ಹೋಳಿಗೆ ಅಂದ್ರೆ ಸುಮ್ನೇನಾ?"

ಹೋಳಿಗೆ ಲೆಕ್ಕದಲ್ಲಿ ಅಜ್ಜಿ ಸರಿ. ಹಲ್ಲಿನ ಲೆಕ್ಕದಲ್ಲಿ ಅಲ್ಲ. ಹುಡುಗನ ಬಾಯಿ ಒಂದು ಸಲ ಹುಳಿಯಾಗಿ ಸರಿಹೋಯಿತು. ಹುಡುಗಿಯ ಬಾಯಲ್ಲಿ ಮೇಸ್ತ್ರಿ ಕರಣೆ ಎತ್ತಿದಾಗಲೆಲ್ಲ ಇನ್ನೊಂದು ಚೂರು ಬರ್ಫಿ ಬಂತು. ಅವಳ ಹಲ್ಲು ದಿನವಿಡೀ ಹುಳಿಯಲ್ಲೇ ನೆಂದಿತು. ಹಲ್ಲಿಗೆ ಎಷ್ಟು ತಿಂದೆ ಅನ್ನುವುದಕ್ಕಿಂತ ಎಷ್ಟು ಸಲ ತಿಂದೆ ಅನ್ನುವುದು ಮುಖ್ಯ.

ಇದು ಗೊತ್ತಾದ ಕಥೆ ಮಾತ್ರ ಚೆನ್ನಾಗಿಲ್ಲ. ಸ್ವೀಡನ್ ದೇಶದ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಇರಿಸಿದ್ದರು. 1945ರಿಂದ ಕೆಲವು ವರ್ಷ ಅವರ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ ಊಟದ ಜೊತೆ ಸಿಹಿ ಕೊಟ್ಟರು. ಕೆಲವರಿಗೆ ಹಲ್ಲಿಗೆ ಅಂಟಲೆಂದೇ ತಯಾರಿಸಿದ ಟಾಫಿಯನ್ನು ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ ಕೊಟ್ಟರು. ಒಂದು ಗುಂಪಿಗೆ ದಿನಕ್ಕೆ 24 ಟಾಫಿ. ಊಟದ ಜೊತೆ ಸಿಹಿ ತಿಂದವರ ಹಲ್ಲು ಅಷ್ಟಾಗಿ ಕೆಡಲಿಲ್ಲ. ನಡುನಡುವೆ ಟಾಫಿ ತಿಂದವರ ಹಲ್ಲು ಹಾಳಾಗಿ ಹೋಯಿತು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೂ ಅವರಿಗೆ ಅರ್ಥವಾಗುವ ಹಾಗಿರಲಿಲ್ಲ. ನಾವು ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಅಂತ ಉರು ಹೊಡೆದೆವು. ಅದು ಎಂಥ ಅನ್ಯಾಯ ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ. ಈಗಲೂ ಹೇಳುವಾಗ ಒಂಥರಾ ಆಗುತ್ತದೆ.

ಅದಾದ ಮೇಲೆ ಸ್ವೀಡನ್ನಿನಲ್ಲಿ ಒಂದು ರೂಢಿ ಬೆಳೆಯಿತು. ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ. ವಾರವೆಲ್ಲ ಕಾಯುವುದು, ಶನಿವಾರ ಅಂಗಡಿಗೆ ಹೋಗಿ ತಾವೇ ಆರಿಸಿ ತರುವುದು. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅದು ನಡೆಯುತ್ತದೆ.

ನನಗೆ ತಮಾಷೆ ಅನ್ನಿಸುವುದು ಬೇರೆ. ಇದನ್ನು ತಿಳಿಯಲು ಅವರು ಅಷ್ಟು ಜನರ ಹಲ್ಲು ಹಾಳು ಮಾಡಬೇಕಾಯಿತು. ನಮ್ಮ ಬಾಳೆ ಎಲೆ ನೋಡಿ. ಪಾಯಸ ಎಲ್ಲಿ ಬಡಿಸುತ್ತೇವೆ? ಎಲೆ ಮೇಲೆ. ಹೋಳಿಗೆ ಯಾವಾಗ ಬರುತ್ತದೆ? ಊಟದ ನಡುವೆ, ತುಪ್ಪ ಇಲ್ಲವೇ ಕಾಯಿಹಾಲಿನ ಜೊತೆ. ಆಮೇಲೆ ಅನ್ನ ಸಾರು, ಮಜ್ಜಿಗೆ. ಎದ್ದು ಹೋಗಿ ಕೈ ತೊಳೆದು ಬಾಯಿ ಮುಕ್ಕಳಿಸುತ್ತೇವೆ. ಬಾಯಿ ಮುಕ್ಕಳಿಸದೆ ಒಳಗೆ ಬಂದರೆ ನನ್ನ ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದರು. ಅವರಿಗೆ ಪಿಎಚ್ ಗೊತ್ತಿರಲಿಲ್ಲ, ಎಂಜಲು ಗೊತ್ತಿತ್ತು. ಹಬ್ಬದ ಸಿಹಿಗೆ ಎಲೆಯಲ್ಲಿ ಒಂದು ಜಾಗ ಇತ್ತು, ಒಂದು ಹೊತ್ತು ಇತ್ತು. ಎಲೆ ಮಡಿಚಿದರೆ ಸಿಹಿಯೂ ಮುಗಿಯಿತು. ಅದು ಎಲೆ ಬಿಟ್ಟು ಡಬ್ಬಿ ಸೇರಿದ ಮೇಲೆ ಹೊತ್ತುಗೊತ್ತು ಇಲ್ಲದ ಹಾಗಾಯಿತು.

ಹಾಗಂತ ಎಲೆ ಮೇಲೆ ಎಷ್ಟು ಬೇಕಾದರೂ ಸುರಿಯಿರಿ ಅಂತಲ್ಲ. ಹಲ್ಲು ತಡೆದುಕೊಂಡರೂ ಹೊಟ್ಟೆಗೆ, ತೂಕಕ್ಕೆ ಬೇರೆ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು: ದಿನದ ಒಟ್ಟು ಕ್ಯಾಲರಿಯಲ್ಲಿ ಬೆರೆಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಪಾಲು 10% ದಾಟಬಾರದು. 5%ಗೆ ಇಳಿಸಿದರೆ ಇನ್ನೂ ಒಳ್ಳೆಯದು. ದೊಡ್ಡವರ ಲೆಕ್ಕದಲ್ಲಿ ಆ 5% ಅಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎಂಬ ಹೃದಯ ಆರೋಗ್ಯದ ಸಂಸ್ಥೆ 2016ರಲ್ಲಿ ಎರಡರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಅಂತ ಹೇಳಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಬೆರೆಸಿದ ಸಕ್ಕರೆ ಬೇಡವೇ ಬೇಡ ಅಂದಿತು.

ಈ 25 ಗ್ರಾಂ ಎಷ್ಟು ಬೇಗ ಮುಗಿಯುತ್ತದೆ ಗೊತ್ತಾ? ಮಾಮೂಲಿ ಕೋಲಾ 100 ಮಿಲಿಯಲ್ಲಿ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿ ಬಾಟಲಿ ಕುಡಿದರೆ ಅವತ್ತಿನ ಕೋಟಾ ಖಲಾಸ್. ಹೋಳಿಗೆ ತಿನ್ನುವ ದಿನ ಕುಡಿಯಲು ನೀರು, ಮಜ್ಜಿಗೆ ಸಾಕು. ನಾನು ಯಾವುದನ್ನಾದರೂ ಪೂರ್ತಿ ಬೇಡ ಅನ್ನುವುದಾದರೆ ಈ ಬಾಟಲಿಯನ್ನೇ. ಅದರಲ್ಲಿ ಅಜ್ಜಿಯ ಕೈರುಚಿಯೂ ಇಲ್ಲ, ಹಬ್ಬದ ನೆನಪೂ ಇಲ್ಲ.

"ಬೆಲ್ಲ ಪರವಾಗಿಲ್ವಾ ಮೇಡಂ?" ಅಂತ ಒಬ್ಬರು ಕೇಳಿದರು. ಬೆಲ್ಲ ರುಚಿ, ಅದರಲ್ಲಿ ಒಂಚೂರು ಕಬ್ಬಿಣ ಇತ್ಯಾದಿ ಉಂಟು. ಆದರೆ ಅದರ ಬಹುಪಾಲು ಸಕ್ಕರೆಯೇ. ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಎರಡಕ್ಕೂ ಭೇದ ಮಾಡುವುದಿಲ್ಲ. ರುಚಿಗೆ ಬೆಲ್ಲ ಹಾಕಿ, ಆರೋಗ್ಯ ಅಂತ ಹೇಳಿ ಎರಡು ಉಂಡೆ ಜಾಸ್ತಿ ಕೊಡಬೇಡಿ.

ನನ್ನ ಅಜ್ಜಿ ಕಾಲದಲ್ಲಿ ಸಕ್ಕರೆಗೆ ಸೊಸೈಟಿ ಮುಂದೆ ಸಾಲು ನಿಲ್ಲಬೇಕಿತ್ತು. ಕಾರ್ಡಿಗೆ ಇಷ್ಟು ಅಂತ ಅಳೆದು ಕೊಡುತ್ತಿದ್ದರು. ಹಬ್ಬಕ್ಕೆ ಅಂತ ಎತ್ತಿಟ್ಟದ್ದನ್ನು ಹಬ್ಬಕ್ಕೇ ತೆಗೆಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲೂ ಹಾಗೇ ಇತ್ತು. ಅಲ್ಲಿ ಸಕ್ಕರೆ ರೇಷನ್ ಮುಗಿದದ್ದು 1953ರ ಸೆಪ್ಟೆಂಬರಿನಲ್ಲಿ. ರೇಷನ್ ಇದ್ದಾಗ ಹುಟ್ಟಿದವರು, ಅದು ಮುಗಿದ ಮೇಲೆ ಹುಟ್ಟಿದವರು, ಇಬ್ಬರೂ ಮುದುಕರಾದ ಮೇಲೆ ಹೇಗಿದ್ದಾರೆ ಅಂತ ಹೋಲಿಸಿದ ಅಧ್ಯಯನ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಮೊದಲ ಸಾವಿರ ದಿನ ಸಕ್ಕರೆ ಕಡಿಮೆ ಸಿಕ್ಕವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಸುಮಾರು 35%, ಬಿಪಿಯ ಅಪಾಯ ಸುಮಾರು 20% ಕಡಿಮೆ ಇತ್ತು. ಅದಕ್ಕೇ ಎಳೆಕೂಸುಗಳ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ. ಹಬ್ಬಕ್ಕೆ ಬಂದವರೆಲ್ಲ ಕೂಸಿನ ಬಾಯಿಗೆ ಒಂದೊಂದು ಬೆರಳು ಪಾಯಸ ಇಡುವುದು ಬೇಡ. ಒಂದು ವರ್ಷದೊಳಗಿನ ಮಗುವಿನ ನಾಲಗೆಗೆ ಜೇನಂತೂ ತಾಗಿಸಲೇಬೇಡಿ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಆ ವಯಸ್ಸಿನ ಕರುಳಲ್ಲಿ ಬೆಳೆದು ಬಾಟುಲಿಸಂ ಎಂಬ ಕಾಯಿಲೆ ತರಬಹುದು. ಅದು ಜೀವಕ್ಕೇ ಅಪಾಯ.

ಹಾಗಾದರೆ ದೊಡ್ಡ ಮಕ್ಕಳಿಗೆ ಬಚ್ಚಿಟ್ಟುಬಿಡೋಣವಾ? ಅದನ್ನೂ ಮಾಡಿ ನೋಡಿದವಳು ನಾನು.

ನನ್ನ ಮಗನಿಗೆ ಆಗ ಏಳು ವರ್ಷ. ದೀಪಾವಳಿಗೆ ಮನೆಯವರ ಆಫೀಸಿನಿಂದ, ಪರಿಚಯದವರಿಂದ ಐದು ಬಾಕ್ಸ್ ಬಂದವು. ಹಲ್ಲಿನ ಡಾಕ್ಟರ ಮನೆಗೆ ಜನ ಯಾಕೆ ಇಷ್ಟು ಸಿಹಿ ಕೊಡುತ್ತಾರೋ, ನನಗೆ ಇನ್ನೂ ಅರ್ಥವಾಗಿಲ್ಲ. ಎಲ್ಲವನ್ನೂ ಬೀರುವಿನ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ ಇಟ್ಟೆ. ಮಗ ಒಂದು ಸಲವೂ ಕೇಳಲಿಲ್ಲ. ನನಗೋ ಒಳಗೊಳಗೇ ಹೆಮ್ಮೆ. ನಾಲ್ಕನೇ ದಿನ ಹಜಾರದಲ್ಲಿ ಇರುವೆ ಸಾಲು ಕಂಡಿತು. ಹೊಸಿಲು ದಾಟಿ, ಮಂಚದ ಕಾಲು ಬಳಸಿ, ಅವನ ಸ್ಕೂಲ್ ಬ್ಯಾಗಿನ ಜಿಪ್ಪಿನೊಳಗೆ ಹೋಗಿತ್ತು. ಬ್ಯಾಗಿನಲ್ಲಿ ಪೆನ್ಸಿಲ್ ಬಾಕ್ಸು. ಪೆನ್ಸಿಲ್ ಬಾಕ್ಸಿನಲ್ಲಿ, ರಬ್ಬರು ಮೆಂಡರಿನ ಪಕ್ಕ, ಗಣಿತದ ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಿಚಿಟ್ಟ ಮೂರು ಕಾಜು ಬರ್ಫಿ. ಒಂದನ್ನು ಇಲಿ ಕಡಿದ ಹಾಗೆ ಮೂಲೆಯಿಂದ ಚೂರು ಚೂರು ಕಡಿದಿದ್ದ. ಅಂದರೆ ನಾಲ್ಕು ದಿನ ಕ್ಲಾಸಿನಲ್ಲಿ ಕೂತು ಗಂಟೆಗೊಂದು ಚೂರು. ಈಗ ತಾನೇ ಹೇಳಿದೆನಲ್ಲ, ಹಲ್ಲಿಗೆ ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಅಂತ? ಅದನ್ನೇ ಅವನಿಗೆ ಕಲಿಸಿಕೊಟ್ಟಿದ್ದೆ, ನಾನೇ.

ಕೇಳಿದರೆ ಅಳುತ್ತಾ ಹೇಳಿದ: "ನೀನು ಹೆಂಗೂ ಕೊಡಲ್ವಲ್ಲ."

ಅಮೆರಿಕದಲ್ಲಿ ಜೆನ್ನಿಫರ್ ಫಿಶರ್, ಲಿಯಾನ್ ಬರ್ಚ್ ಅಂತ ಇಬ್ಬರು ಸಂಶೋಧಕಿಯರು ಪುಟ್ಟ ಮಕ್ಕಳಲ್ಲಿ ಇದನ್ನು ನೋಡಿ 1999ರಲ್ಲಿ ಬರೆದಿದ್ದಾರೆ. ಒಂದು ತಿಂಡಿಯನ್ನು ಕಣ್ಣೆದುರಿಗಿಟ್ಟು ಕೊಡದೆ ತಡೆದರೆ, ಮಕ್ಕಳ ಮಾತೆಲ್ಲ ಅದರ ಮೇಲೇ, ಗಮನವೆಲ್ಲ ಅದರ ಮೇಲೇ. ಸಿಕ್ಕ ಕೂಡಲೇ ಮುಗಿಬೀಳುತ್ತಾರೆ. "ಅನ್ನ ಪೂರ್ತಿ ತಿಂದ್ರೆ ಚಾಕೊಲೇಟ್ ಕೊಡ್ತೀನಿ" ಅನ್ನುತ್ತೇವಲ್ಲ, ಅದೂ ಇದೇ ಜಾತಿ. ಆ ಮಾತಿನಲ್ಲಿ ಅನ್ನ ಶಿಕ್ಷೆ ಆಯಿತು, ಚಾಕೊಲೇಟ್ ಬಹುಮಾನ ಆಯಿತು. ಮಗು ಎರಡನ್ನೂ ಸರಿಯಾಗೇ ಕಲಿಯುತ್ತದೆ.

ಈಗ ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ ಹೇಳುತ್ತೇನೆ. ಇದೇ ಸರಿ ಅಂತೇನಿಲ್ಲ, ನಮ್ಮಲ್ಲಿ ನಡೆಯುತ್ತಿದೆ ಅಷ್ಟೇ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಊಟದ ಜವಾಬ್ದಾರಿಯನ್ನು ಪಾಲು ಮಾಡಿಕೊಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರದ್ದು. ತಿನ್ನಬೇಕೋ ಬೇಡವೋ, ಎಷ್ಟು ಅನ್ನುವುದು ಮಗುವಿನದ್ದು. ಹಬ್ಬಕ್ಕೆ ನಾನು ಇದನ್ನು ಸ್ವಲ್ಪ ತಿರುಗಿಸಿಕೊಂಡಿದ್ದೇನೆ. ಹಬ್ಬದ ದಿನ ಎಲೆಗೆ ಬಂದ ಸಿಹಿಗೆ ಲೆಕ್ಕ ಕೇಳುವುದಿಲ್ಲ, ಕಣ್ಣು ಬಿಡುವುದಿಲ್ಲ. ಎರಡು ಹೋಳಿಗೆ ತಿಂದರೆ ತಿನ್ನಲಿ. ಮಾರನೇ ದಿನದಿಂದ ಇಬ್ಬರು ಮಕ್ಕಳಿಗೂ ಒಂದೊಂದು ಸ್ಟೀಲ್ ಡಬ್ಬಿ. ಹಬ್ಬದ ಸಿಹಿಯಲ್ಲಿ ಅವರ ಪಾಲು ಅದರಲ್ಲಿ, ಮುಚ್ಚಳದ ಮೇಲೆ ಹೆಸರು. ತಿನ್ನುವುದು ಊಟ ಆದ ಕೂಡಲೇ, ಕೂತಲ್ಲೇ, ದಿನಕ್ಕೆ ಒಂದು ಹೊತ್ತು. ಯಾವ ಹೊತ್ತು, ಯಾವ ಸಿಹಿ ಅನ್ನುವುದು ಅವರದ್ದು. ಆಮೇಲೆ ಬಾಯಿ ಮುಕ್ಕಳಿಸಬೇಕು.

ಮೊದಲ ವರ್ಷ ಮಗ ಡಬ್ಬಿ ಪೂರ್ತಿ ಒಂದೇ ಊಟದ ಮೇಲೆ ಖಾಲಿ ಮಾಡಿದ. ರಾತ್ರಿ ಹೊಟ್ಟೆನೋವು. ಮಾರನೇ ದಿನ ಅವನ ತಂಗಿ ಎದುರಿಗೇ ಕೂತು ನಿಧಾನಕ್ಕೆ ರವೆ ಉಂಡೆ ತಿಂದಳು. ಅವಳು ತಿಂದ ವೇಗ ನೋಡಬೇಕಿತ್ತು ನೀವು! ಮುಂದಿನ ವರ್ಷ ಅವನು ಲೆಕ್ಕ ಇಟ್ಟ. ಮೂರನೇ ವರ್ಷ ಇಬ್ಬರೂ ವ್ಯಾಪಾರಕ್ಕೆ ಇಳಿದರು. ಒಂದು ಚಿರೋಟಿಗೆ ಎರಡು ರವೆ ಉಂಡೆ. ನಾನು ಆ ವ್ಯವಹಾರಕ್ಕೆ ತಲೆ ಹಾಕುವುದಿಲ್ಲ.

ಉಳಿದ ಬಾಕ್ಸುಗಳನ್ನು ಬಂದ ದಿನವೇ ಹಂಚಿಬಿಡುತ್ತೇವೆ. ಇಲ್ಲಿ ನನಗೊಂದು ಮುಜುಗರ ಇದೆ. ನಮ್ಮ ಮಕ್ಕಳಿಗೆ ಜಾಸ್ತಿ ಆಯಿತು ಅಂತ ಮನೆಕೆಲಸದವರ ಕೈಗೆ ಎರಡು ಬಾಕ್ಸ್ ಕೊಡುತ್ತೇವೆ. ಅವರ ಮಕ್ಕಳಿಗೂ ಹಲ್ಲಿದೆಯಲ್ಲ? ಅದಕ್ಕೆ ಈಗ ಒಂದೇ ಮನೆಗೆ ರಾಶಿ ಹಾಕದೆ, ನಾಲ್ಕು ಮನೆಗೆ ಸ್ವಲ್ಪ ಸ್ವಲ್ಪ ಕೊಡುತ್ತೇವೆ. ಹತ್ತಿರದವರಿಗೆ ಮೊದಲೇ ಬಾಯಿ ಬಿಟ್ಟು ಹೇಳಿದ್ದೇನೆ: "ತರಲೇಬೇಕು ಅಂದ್ರೆ ಹಣ್ಣು ತನ್ನಿ." ಮೊದಲ ಸಲ ಹೇಳುವಾಗ ನಾಚಿಕೆ ಆಯಿತು. ಈಗ ಕಿತ್ತಳೆ, ಸೀತಾಫಲ ಬರುತ್ತಿವೆ.

ಇಷ್ಟು ಹೇಳುವ ಹೊತ್ತಿಗೆ ಹಿಂದಿನಿಂದ ಒಬ್ಬರು ಎದ್ದರು. "ಎಲ್ಲ ಸರಿ ಮೇಡಂ. ನಮ್ಮತ್ತೆಯೋರಿಗೆ ಹೆಂಗೆ ಹೇಳೋದು? ನಾನು ಬೇಡ ಅಂದ್ರೆ ಅವರು ಸೆರಗಲ್ಲಿ ಮುಚ್ಕೊಂಡು ಬಂದು ಕೊಡ್ತಾರೆ." ಸಭೆಯೆಲ್ಲ ನಕ್ಕಿತು. ಅತ್ತೆ ಪಕ್ಕದಲ್ಲೇ ಕೂತಿದ್ದರು ಅಂತ ಆಮೇಲೆ ಗೊತ್ತಾಯಿತು. ಅವರೂ ಬಿಡಲಿಲ್ಲ. "ನಾನು ಕೊಡೋದು ಹಬ್ಬದಲ್ಲಿ ಎರಡು ಉಂಡೆ. ನೀನು ದಿನಾ ಟಿಫನ್ ಬಾಕ್ಸಿಗೆ ಹಾಕೋ ಕ್ರೀಮ್ ಬಿಸ್ಕತ್ತು ಎಷ್ಟವ್ವಾ? ಅದನ್ನ ಯಾರು ಎಣಿಸ್ತಾರೆ?"

ಹಲ್ಲಿನ ಡಾಕ್ಟರಾಗಿ ಹೇಳಬೇಕೆಂದರೆ ಅತ್ತೆಯದ್ದೇ ಗೆಲುವು. ಬಿಸ್ಕತ್ತಿನ ಪ್ಯಾಕೆಟ್ ಹಿಂದೆ 100 ಗ್ರಾಂಗೆ ಸಕ್ಕರೆ ಎಷ್ಟು ಅಂತ ಬರೆದಿರುತ್ತದೆ. ಅದನ್ನು ನಾಲ್ಕರಿಂದ ಭಾಗಿಸಿದರೆ ಹೆಚ್ಚುಕಡಿಮೆ ಎಷ್ಟು ಚಮಚ ಅಂತ ಸಿಗುತ್ತದೆ. ಇವತ್ತು ಮನೆಗೆ ಹೋಗಿ ಮಕ್ಕಳ ಕೈಯಲ್ಲೇ ಆ ಭಾಗಾಕಾರ ಮಾಡಿಸಿ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಸಕ್ಕರೆ ಬಗ್ಗೆ ತಿಳಿಸುವ 'ಶುಗರ್ ಬೋರ್ಡ್' ಹಾಕಲು ಹೇಳಿತು. ಒಳ್ಳೆಯದೇ. ಆದರೆ ಬೋರ್ಡು ಗೋಡೆ ಮೇಲೆ, ಚಾಕೊಲೇಟು ಕೈಯಲ್ಲಿ ಅಂತಾಗಬಾರದು. ನನ್ನ ಮಗಳು ಹೋಗುತ್ತಿದ್ದ ಒಂದು ಶಾಲೆಯಲ್ಲಿ ಕ್ಲಾಸಿಗೆ 40 ಮಕ್ಕಳು, ವರ್ಷಕ್ಕೆ 40 ಹುಟ್ಟುಹಬ್ಬ, 40 ಸಲ ಚಾಕೊಲೇಟ್. ಪೆನ್ಸಿಲ್ ಹಂಚಬಹುದಾ ಅಂತ ಕೇಳಿದ್ದಕ್ಕೆ, "ಮಕ್ಕಳಿಗೆ ಬೇಜಾರಾಗುತ್ತೆ ಮೇಡಂ" ಅಂದರು.

ಅಜ್ಜಿಯರ ವಿಷಯಕ್ಕೆ ಬರುತ್ತೇನೆ. ಅವರಿಗೆ ಬುದ್ಧಿ ಹೇಳಲು ಹೋಗಬೇಡಿ. ಕೊಡುವ ಕೈಯನ್ನು ತಡೆಯುವ ಬದಲು ಆ ಕೈಗೆ ಬೇರೆ ಕೆಲಸ ಕೊಡಿ. ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ನನ್ನ ತಾಯಿ ಮಕ್ಕಳನ್ನು ಕೂರಿಸಿಕೊಂಡು ಎಳ್ಳು ಬೆಲ್ಲಕ್ಕೆ ತಯಾರಿ ಶುರು ಮಾಡುತ್ತಾರೆ. ಅರಸೀಕೆರೆ ಕಡೆಯ ಕೊಬ್ಬರಿ. ಅದರ ಬೆನ್ನಿನ ಕಂದು ಸಿಪ್ಪೆ ತುರಿದು ತೆಗೆಯಬೇಕು. ಆಮೇಲೆ ಅಕ್ಕಿಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಬೇಕು. ಬೆಲ್ಲವನ್ನೂ ಅದೇ ಅಳತೆಗೆ ಅಡಕತ್ತರಿಯಲ್ಲಿ ಕತ್ತರಿಸಬೇಕು. ಬಿಸಿಲಿಗೆ ಹಾಕಬೇಕು, ಕಾಗೆ ಕಾಯಬೇಕು. ಇಷ್ಟು ಮಾಡಿದ ಮಗು ಎಳ್ಳು ಬೆಲ್ಲವನ್ನು ಮುಕ್ಕುವುದಿಲ್ಲ, ಹಂಚಲು ಓಡುತ್ತದೆ. ಒಂದು ಎಚ್ಚರಿಕೆ: ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ.

ಸಕ್ಕರೆ ಅಚ್ಚು ಇನ್ನೂ ಚೆಂದ. ಮರದ ಅಚ್ಚನ್ನು ನೀರಿನಲ್ಲಿ ನೆನೆಸಿ, ಎರಡು ಹೋಳು ಜೋಡಿಸಿ ದಾರ ಸುತ್ತುತ್ತಾರೆ. ಸಕ್ಕರೆ ಪಾಕಕ್ಕೆ ಒಂಚೂರು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಸೋಸಿ, ಮತ್ತೆ ಕಾಸಿ, ತಿರುವುತ್ತಾ ಬೆಳ್ಳಗೆ ಮೋಡದ ಹಾಗೆ ಆಗುವಾಗ ಅಚ್ಚಿಗೆ ಸುರಿಯಬೇಕು. ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಕಲ್ಲು. ದಾರ ಬಿಚ್ಚಿದರೆ ಆನೆ, ಗಿಳಿ, ತುಳಸಿಕಟ್ಟೆ. ಗಿಳಿಯ ಕೊಕ್ಕು ಮುರಿಯದೆ ಬಂದರೆ ಮಕ್ಕಳು ಕುಣಿಯುತ್ತಾರೆ. ಆ ಗಿಳಿಯನ್ನು ತಕ್ಕಡಿಗೆ ಹಾಕಿ. ತಕ್ಕಡಿ ಎಷ್ಟು ತೋರಿಸುತ್ತದೋ ಅಷ್ಟೂ ಸಕ್ಕರೆಯೇ, ಬೇರೇನೂ ಇಲ್ಲ. 25 ಗ್ರಾಂ ತೂಗಿದರೆ ಒಂದು ದಿನದ ಪಾಲು. ಮಗ ಅದನ್ನು ನೋಡಿದ ಮೇಲೆ, "ಇದನ್ನ ತಿನ್ನೋದು ಬೇಡ, ಶೋಕೇಸಲ್ಲಿ ಇಡೋಣ" ಅಂದ. ನಾನು ಹೇಳಿಕೊಟ್ಟದ್ದಲ್ಲ. ಫೆಬ್ರವರಿಯಲ್ಲಿ ಇರುವೆಗಳು ಶೋಕೇಸನ್ನೂ ಹುಡುಕಿಕೊಂಡು ಬಂದವು, ಅದು ಬೇರೆ ಮಾತು.

ನವರಾತ್ರಿಗೆ ಹಳಬರೇ ದಾರಿ ಮಾಡಿಟ್ಟಿದ್ದಾರೆ: ಉಸಲಿ. ಕಡಲೆಕಾಳು, ಹೆಸರುಕಾಳು, ಅಲಸಂದೆ, ದಿನಕ್ಕೊಂದು. ಬೊಂಬೆ ನೋಡಲು ಬಂದ ಮಕ್ಕಳಿಗೆ ದೊನ್ನೆಯಲ್ಲಿ ಅದನ್ನೇ ಕೊಡಿ. ಚಾಕೊಲೇಟು ಸುಲಭ ಅಂತ ಅದಕ್ಕೆ ಇಳಿಯಬೇಡಿ.

ಹಾಸನಾಂಬೆ ಸಾಲಿನ ಬಗ್ಗೆಯೂ ಹೇಳಲೇಬೇಕು. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವುದು, ಎಲ್ಲೆಲ್ಲಿಂದಲೋ ಜನ, ಗಂಟೆಗಟ್ಟಲೆ ನಿಲ್ಲಬೇಕು. ಮಗು ರಗಳೆ ಮಾಡಿದಾಗಲೆಲ್ಲ ಒಂದು ಲಾಲಿಪಾಪ್, ಒಂದು ಜ್ಯೂಸ್ ಪ್ಯಾಕೆಟ್. ಅಷ್ಟೂ ಹೊತ್ತು ಬಾಯಲ್ಲಿ ಸಕ್ಕರೆ ನೀರು. ಹೋಗುವಾಗ ಚೀಲದಲ್ಲಿ ನೀರು, ಹೆಚ್ಚಿದ ಸೌತೆಕಾಯಿ, ಸೀಬೆಹಣ್ಣು, ಎರಡು ಚಪಾತಿ ಸುತ್ತಿಕೊಂಡು ಹೋಗಿ. ಮಗುವಿಗೆ ನಿಜಕ್ಕೂ ಹಸಿವಾಗಿರುತ್ತದೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಸಕ್ಕರೆಗೆ ಅನ್ಯಾಯ ಮಾಡಿದ ಹಾಗೆ. "ಸಿಹಿ ತಿಂದ್ರೆ ನಮ್ಮ ಹುಡುಗ ಹುಚ್ಚೆದ್ದು ಕುಣೀತಾನೆ" ಅಂತ ಬಹಳ ತಾಯಂದಿರು ಹೇಳುತ್ತಾರೆ. 1995ರಲ್ಲಿ 'ಜಾಮಾ' ಎಂಬ ವೈದ್ಯಕೀಯ ಪತ್ರಿಕೆ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಬರಹ ಪ್ರಕಟಿಸಿತು. ಸಕ್ಕರೆಯಿಂದ ಮಕ್ಕಳ ನಡವಳಿಕೆ ಬದಲಾಗುವುದು ಕಾಣಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಇನ್ನೊಂದು ಪ್ರಯೋಗ ನಡೆದಿತ್ತು. ಹುಡುಗರಿಗೆಲ್ಲ ಕೊಟ್ಟದ್ದು ಸಕ್ಕರೆಯೇ ಇಲ್ಲದ ಸಿಹಿ. ಅರ್ಧ ತಾಯಂದಿರಿಗೆ ಮಾತ್ರ "ನಿಮ್ಮ ಮಗ ಜಾಸ್ತಿ ಸಕ್ಕರೆ ತಿಂದಿದ್ದಾನೆ" ಅಂದರು. ಆ ತಾಯಂದಿರು ತಮ್ಮ ಮಗ ಸಿಕ್ಕಾಪಟ್ಟೆ ಚೇಷ್ಟೆ ಮಾಡಿದ ಅಂದರು! ಹಬ್ಬದಲ್ಲಿ ಮಕ್ಕಳು ಕುಣಿಯುವುದು ಅಣ್ಣ ತಮ್ಮಂದಿರೆಲ್ಲ ಸೇರಿದ್ದಕ್ಕೆ, ರಾತ್ರಿ ಹನ್ನೊಂದಾದರೂ ಮಲಗದೇ ಇರುವುದಕ್ಕೆ. ಕುಣಿಯಲಿ ಬಿಡಿ.

ಮಲಗುವ ಮುಂಚೆ ಮಾತ್ರ ಒಂದು ಕಟ್ಟುನಿಟ್ಟು. ಎಷ್ಟೇ ತಡವಾಗಲಿ, ಬ್ರಷ್ ಮಾಡಿಯೇ ಮಲಗಬೇಕು. ಆಮೇಲೆ ನೀರು ಬಿಟ್ಟು ಇನ್ನೇನೂ ಬಾಯಿಗೆ ಹೋಗಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಮೇಸ್ತ್ರಿಗೆ ರಾತ್ರಿ ರಜಾ. ಫ್ಲೋರೈಡ್ ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿ ಕಾಳಿನಷ್ಟು ಸಾಕು. ಏಳೆಂಟು ವರ್ಷದವರೆಗೆ ನೀವೇ ಉಜ್ಜಬೇಕು. ತಾನೇ ಉಜ್ಜಿಕೊಳ್ಳುತ್ತೇನೆ ಅನ್ನುವ ಮಗು ಮುಂದಿನ ನಾಲ್ಕು ಹಲ್ಲು ಉಜ್ಜುತ್ತದೆ. ಹುಳುಕು ಹೆಚ್ಚಾಗಿ ಬರುವುದು ಹಿಂದಿನ ದವಡೆ ಹಲ್ಲಿಗೆ. ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಅನ್ನಬೇಡಿ. ಹಿಂದಿನ ಹಾಲುಹಲ್ಲು ಬೀಳಲು ಹತ್ತು ಹನ್ನೆರಡು ವರ್ಷ ಆಗಬೇಕು. ಅಲ್ಲಿಯವರೆಗೆ ಅದರಲ್ಲೇ ಅಗಿಯಬೇಕಲ್ಲ.

ಮಾತು ಮುಗಿಸಿ ನೀರು ಕುಡಿಯುತ್ತಿದ್ದೆ. ಬಾಗಿಲಲ್ಲಿ ತಟ್ಟೆ ಹಿಡಿದಿದ್ದ ಹುಡುಗಿ ವೇದಿಕೆ ಹತ್ತಿರ ಬಂದಳು. ಮುಷ್ಟಿ ಬಿಡಿಸಿದಳು. ಮೂರು ಟಾಫಿ ಕಾಗದ.

"ಆಂಟಿ, ಇದನ್ನ ನೀವು ಮಾತಾಡೋಕೆ ಮುಂಚೇನೇ ತಿಂದ್ಬಿಟ್ಟೆ. ಈಗೇನ್ ಮಾಡ್ಲಿ?"

"ಏನೂ ಆಗಲ್ಲ ಕಂದ. ಹೋಗಿ ಬಾಯಿ ಮುಕ್ಕಳಿಸ್ಕೊಂಡು ಬಾ."

ಓಡಿದಳು. ಎರಡೇ ನಿಮಿಷಕ್ಕೆ ವಾಪಸ್ ಬಂದಳು.

"ನಲ್ಲೀಲಿ ನೀರೇ ಬರ್ತಿಲ್ಲ ಆಂಟಿ."

ನನ್ನ ಬಾಟಲಿಯಲ್ಲಿ ಅರ್ಧ ನೀರು ಉಳಿದಿತ್ತು. ಕೊಟ್ಟೆ. ಭವನದ ಹಿಂದೆ ಹೋಗಿ, ತೆಂಗಿನಮರದ ಬುಡಕ್ಕೆ ಮೂರು ಸಲ ಉಗಿದು ಬಂದಳು, ಟಾಫಿಗೊಂದರಂತೆ.